ಸೋಡಾ ಯಂತ್ರದ ಮೂರನೆಯ ಪರೀಕ್ಷೆ

ಘಟನೆಗಳನ್ನು ಅವು ನಡೆದ ಕ್ರಮದಲ್ಲಿಯೇ ದಾಖಲಿಸುತ್ತೇನೆ. ಮಾರ್ಚ್ ನಾಲ್ಕನೆಯ ತಾರೀಖು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಬಸ್ ನಿಲ್ದಾಣದ ಎದುರಿನ ಪಾನ್ ಅಂಗಡಿಯಲ್ಲಿ ಒಂದು ಗೋಲಿ ಸೋಡಾ ಬಾಟಲಿ ಸಪ್ಪಳವಿಲ್ಲದೆ ತೆರೆದುಕೊಂಡಿತು. ಏಳನೆಯ ತಾರೀಖು ಶುಕ್ರವಾರ ದಿವಾಳಿ ಅರ್ಜಿ ದಾಖಲಾಯಿತು. ಹನ್ನೊಂದರಂದು ನಾನು ಮೊದಲ ಪರೀಕ್ಷೆ ಮಾಡಿದೆ, ಅದರಲ್ಲಿ ತಪ್ಪಿತ್ತು. ಇಪ್ಪತ್ತನಾಲ್ಕರಂದು ಆ ತಪ್ಪು ನ್ಯಾಯಾಲಯದಲ್ಲಿ ಬಯಲಾಯಿತು. ಇಪ್ಪತ್ತೇಳರಂದು ಎರಡನೆಯ ಪರೀಕ್ಷೆ ಮಾಡಿದೆ. ಅದರಲ್ಲಿ ತಪ್ಪಿರಲಿಲ್ಲ, ಆದರೆ ಅದು ಅಪೂರ್ಣವಾಗಿತ್ತು. ಏಪ್ರಿಲ್ ಮೂರರಂದು ಮೂರನೆಯ ಪರೀಕ್ಷೆ ನಡೆಯಿತು. ಅದನ್ನು ನಾನು ಯೋಜಿಸಿರಲಿಲ್ಲ.

ನಾನು ದಿವಾಳಿ ನ್ಯಾಯಾಲಯದ ರಿಸೀವರ್ ಕಚೇರಿಯಲ್ಲಿ ಸಪ್ಪಳ ಪರೀಕ್ಷಕಿ. ದಿವಾಳಿಯಾದವರ ಸ್ವತ್ತನ್ನು ವಶಕ್ಕೆ ತೆಗೆದುಕೊಂಡು, ಮಾರಿ, ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚುವುದು ರಿಸೀವರರ ಕೆಲಸ. ಯಾವ ವಸ್ತುವನ್ನು ಮಾರಬಹುದು, ಯಾವುದನ್ನು ಮಾರುವಂತಿಲ್ಲ ಎಂಬುದನ್ನು ಬಡಿದು ನೋಡಿ ಹೇಳುವುದು ನನ್ನ ಕೆಲಸ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಈ ಹುದ್ದೆ ಸಿಕ್ಕಿತು. ಈಗ ಎರಡು ವರ್ಷ ನಾಲ್ಕು ತಿಂಗಳಾಗಿದೆ. ನನಗೆ ಕೊಟ್ಟಿರುವ ಸಾಮಗ್ರಿ ಇಷ್ಟು: ಒಂದು ಮರದ ಸುತ್ತಿಗೆ, ಒಂದು ರಬ್ಬರ್ ಸುತ್ತಿಗೆ, ವಸ್ತುವಿನ ಕೆಳಗೆ ಹಾಸಲು ಕಂಬಳಿಯ ತುಂಡು, ಒಂದು ಸೀಮೆಸುಣ್ಣ, ಮತ್ತು ಎಂಟು ಕಾಲಮ್ಮಿನ ರಿಜಿಸ್ಟರು.

ನಮ್ಮ ಊರಿನಲ್ಲಿ ಒಬ್ಬರ ಸಾಲ ಅವರ ಒಟ್ಟು ಸ್ವತ್ತನ್ನು ಮೀರಿದ ಕ್ಷಣದಲ್ಲಿ, ಆ ಸಾಲಕ್ಕೆ ಈಡಾಗಬೇಕಾದ ವಸ್ತುಗಳೆಲ್ಲ ಸಪ್ಪಳ ಮಾಡುವುದನ್ನು ನಿಲ್ಲಿಸುತ್ತವೆ. ಬಾಗಿಲು ಮುಚ್ಚುತ್ತದೆ, ಕೇಳಿಸುವುದಿಲ್ಲ. ಗಡಿಯಾರ ಸಮಯ ತೋರಿಸುತ್ತದೆ, ಹೊಡೆಯುವುದಿಲ್ಲ. ಏಕೆ ಎಂಬ ಕಾಲಮ್ಮು ನಮ್ಮ ರಿಜಿಸ್ಟರಿನಲ್ಲಿ ಇಲ್ಲ. ಜನ ಇದಕ್ಕೆ ತಕ್ಕಂತೆ ಬದುಕುತ್ತಾರೆ. ಹೆಣ್ಣು ನೋಡಲು ಬಂದವರು ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂರುತ್ತಾರೆ. ಕುಕ್ಕರಿನ ಸೀಟಿ ಕೇಳಿಸಿದ ಮೇಲೆಯೇ ಅವಲಕ್ಕಿಗೆ ಕೈ ಹಾಕುತ್ತಾರೆ. ಆ ದಿನಕ್ಕೆಂದು ಪಕ್ಕದ ಮನೆಯ ಕುಕ್ಕರ್ ತರುವವರೂ ಇದ್ದಾರೆ. ದಿವಾಳಿಯಾದವರ ಮೋಟಾರ್ ಸೈಕಲ್ಲಿಗೆ ಕೆಂಪು ಬಟ್ಟೆ ಕಟ್ಟಬೇಕೆಂದು ಪುರಸಭೆಯ ಆದೇಶವಿದೆ, ಏಕೆಂದರೆ ಅದು ಬರುವುದು ದಾರಿಹೋಕರಿಗೆ ತಿಳಿಯುವುದಿಲ್ಲ.

ವಕೀಲರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಬೇರೆ ಊರುಗಳಲ್ಲಿ ಲೆಕ್ಕಪತ್ರ ತೋರಿಸಿ ವಾದಿಸುವುದನ್ನು ಇಲ್ಲಿ ವಸ್ತುವನ್ನೇ ಮೇಜಿನ ಮೇಲಿಟ್ಟು ವಾದಿಸುತ್ತಾರೆ. ದಿವಾಳಿಯಾಗುವ ಮೊದಲಿನ ಎರಡು ವರ್ಷಗಳಲ್ಲಿ ಬೆಲೆಯಿಲ್ಲದೆ ಬೇರೆಯವರ ಹೆಸರಿಗೆ ಮಾಡಿದ ಸ್ವತ್ತನ್ನು ಕಾನೂನು ವಾಪಸು ಎಳೆಯುತ್ತದೆ. ಅಂಥ ಒಂದು ಗೋಡೆ ಗಡಿಯಾರವನ್ನು ಅಳಿಯನ ಮನೆಯಿಂದ ತಂದಾಗ ಅದು ಟಿಕ್ ಎನ್ನಲಿಲ್ಲ, ವಾದ ಮುಗಿಯಿತು. ಇಬ್ಬರು ಅಣ್ಣತಮ್ಮಂದಿರ ಪಾಲಿನ ತೂಗುಮಣೆಯೊಂದರಲ್ಲಿ ಒಂದೇ ಬದಿಯ ಸರಪಳಿ ಕಿರುಗುಟ್ಟಿತು. ಅರ್ಧಪಾಲು ಎಂದು ಆದೇಶವಾಯಿತು.

ಕಾನೂನು ದಿವಾಳಿಯಾದವರಿಗೂ ಕೆಲವನ್ನು ಬಿಟ್ಟುಕೊಡುತ್ತದೆ: ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಕುಶಲಕರ್ಮಿಯ ಉಪಕರಣ. ಮೊದಲ ಮೂರೂ ನಮ್ಮ ಪರೀಕ್ಷೆಯಲ್ಲಿ ಚೆನ್ನಾಗಿಯೇ ಸಪ್ಪಳ ಮಾಡುತ್ತವೆ. ನಾಲ್ಕನೆಯದು ಮಾಡುವುದಿಲ್ಲ. ಹನ್ನೊಂದು ವರ್ಷಗಳಿಂದ ಯಾವ ಉಪಕರಣವೂ ಮಾಡಿರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ವಿನಾಯಿತಿ ಉಳಿದಿತ್ತು, ಉಪಕರಣಗಳು ಹರಾಜಾಗುತ್ತಿದ್ದವು. ನಮ್ಮ ಕಚೇರಿಯ ಕಾವಲುಗಾರ ಸಿದ್ರಾಮಪ್ಪ ಮೊದಲು ಚಾಕು, ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನು. ಅವನ ಸಾಣೆಗಾಲಿಯನ್ನು ಪರೀಕ್ಷಿಸಿ "ಸಪ್ಪಳ ಇಲ್ಲ" ಎಂದು ಬರೆದವಳು ನಾನೇ. ಅದನ್ನು ಯಾರೂ ಕೊಳ್ಳಲಿಲ್ಲ; ಉಗ್ರಾಣದಲ್ಲಿ ಇದೆ. ಅವನು ಅದೇ ಉಗ್ರಾಣಕ್ಕೆ ಬೀಗ ಹಾಕುತ್ತಾನೆ.

ಪರೀಕ್ಷೆಯ ವಿಧಾನಕ್ಕೆ ಒಂದು ಕೈಪಿಡಿ ಇದೆ. ಅದರ ಒಂಬತ್ತನೆಯ ನಿಯಮದ ಪ್ರಕಾರ, ಪರೀಕ್ಷೆಯ ವೇಳೆ ದಿವಾಳಿಯಾದವರು ವಸ್ತುವಿನಿಂದ ಹತ್ತು ಮೊಳ ದೂರ, ಸೀಮೆಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಸೀಲ್ ಹಾಕಿದ ಮೇಲೆ ಮುಟ್ಟುವಂತಿಲ್ಲ. ಮೊದಲು ಅವರೇ ಬಡಿದು ತೋರಿಸುತ್ತಿದ್ದರಂತೆ. ಹನ್ನೊಂದು ವರ್ಷದ ಹಿಂದೆ ಪಾತ್ರೆ ವ್ಯಾಪಾರಿಯೊಬ್ಬ ಅಂಗೈಯಲ್ಲಿ ಗೆಜ್ಜೆ ಅಡಗಿಸಿಕೊಂಡು ನೂರಾರು ಕೊಡಗಳನ್ನು ಬಡಿದು ಪಾರಾದ. ಆಮೇಲೆ ಈ ನಿಯಮ ಬಂತು.

ಇನ್ನು ಪ್ರಕರಣ. ನೀಲಗಂಗವ್ವ ಅವರಿಗೆ ಐವತ್ತಮೂರು ವರ್ಷ. ಸಂತೆಪೇಟೆಯ ಹಿಂದಿನ ಓಣಿಯಲ್ಲಿ ಅವರದು ಒಂದೇ ಕೋಣೆಯ ಸೋಡಾ ಕಾರ್ಖಾನೆ. ಇಪ್ಪತ್ತೊಂಬತ್ತು ವರ್ಷದಿಂದ ಅವರೇ ನೀರು ತುಂಬಿ, ಅವರೇ ಯಂತ್ರ ತಿರುವಿ, ಅವರೇ ಗಾಡಿ ತಳ್ಳಿ ಅಂಗಡಿಗಳಿಗೆ ಹಾಕುತ್ತಿದ್ದರು. ಸೋಡಾದಲ್ಲಿ ಅವರಿಗೆ ನಷ್ಟವಾಗಿರಲಿಲ್ಲ. ತಮ್ಮನ ಐಸ್ ಕಾರ್ಖಾನೆಗೆ ಒಂದು ಸಹಕಾರಿ ಸಂಘ ಕೊಟ್ಟ ಸಾಲಕ್ಕೆ ಜಾಮೀನು ನಿಂತಿದ್ದರು. ಐಸ್ ಕಾರ್ಖಾನೆ ಮುಚ್ಚಿತು, ತಮ್ಮ ಊರು ಬಿಟ್ಟ, ಸಾಲ ಇವರ ಮೇಲೆ ಬಂತು. ಸಂಘದ ಆಡಳಿತ ಮಂಡಳಿ ಜಾಮೀನನ್ನು ಜಾರಿ ಮಾಡುವ ಠರಾವಿಗೆ ಸಹಿ ಹಾಕಿದ್ದು ಮಾರ್ಚ್ ನಾಲ್ಕರಂದು, ಹನ್ನೊಂದು ಇಪ್ಪತ್ತಕ್ಕೆ. ಅದೇ ನಿಮಿಷಕ್ಕೆ, ಪಾನ್ ಅಂಗಡಿಗೆ ಹಾಕಿದ್ದ ಅವರ ಬಾಟಲಿಯೊಂದರ ಗೋಲಿ ಟುಪ್ ಎನ್ನದೆ ಒಳಗಿಳಿಯಿತು. ಗಿರಾಕಿ ಸೋಡಾ ಕುಡಿಯದೆ ವಾಪಸು ಕೊಟ್ಟನಂತೆ. ಸಪ್ಪಳ ಮಾಡದ ಸೋಡಾವನ್ನು ನಮ್ಮ ಊರಿನಲ್ಲಿ ಯಾರೂ ಕುಡಿಯುವುದಿಲ್ಲ.

ಹನ್ನೊಂದರಂದು ನಾನು ಸಿದ್ರಾಮಪ್ಪನೊಂದಿಗೆ ಕಾರ್ಖಾನೆಗೆ ಹೋದೆ. ನೀಲಗಂಗವ್ವ ಬಾಗಿಲಲ್ಲಿ ನಿಂತು ನನ್ನ ಎರಡೂ ಸುತ್ತಿಗೆಗಳನ್ನು ನೋಡಿದರು.

"ಬರ್ರಿ ಬಾಯಾರ. ಇದೇನು, ಡಾಕ್ಟರಪ್ಪ ಮಣಕಾಲ ಬಡ್ಯಾಕ ಬಂದಂಗ ಬಂದೀರಲ್ಲ. ಎಲ್ಲಾ ಮುಗಿದ ಮ್ಯಾಲ ನನ್ನ ಮಣಕಾಲೂ ಒಂದ್ಸಲ ಬಡದ ನೋಡ್ರಿ. ಅದರ ಸಪ್ಪಳ ಮಾತ್ರ ನಿಂತಿಲ್ಲ."

"ದೇಹದ ಭಾಗಗಳು ಸ್ವತ್ತಿನಲ್ಲಿ ಬರುವುದಿಲ್ಲ, ನೀಲಗಂಗವ್ವಾರ," ಎಂದೆ.

"ಅಷ್ಟ ಪುಣ್ಯ," ಎಂದರು.

ಮುನ್ನೂರ ಹನ್ನೆರಡು ಬಾಟಲಿಗಳನ್ನು ಒಂದೊಂದಾಗಿ ಕಂಬಳಿಯ ಮೇಲಿಟ್ಟು ಬಡಿದೆ. ಇನ್ನೂರ ನಲವತ್ತು ಮೌನವಾಗಿದ್ದವು. ಎಪ್ಪತ್ತೆರಡು ಸಪ್ಪಳ ಮಾಡಿದವು. ಅವು ಅಂಗಡಿಯವರು ತುಂಬಿಸಿಕೊಡಲು ಕಳಿಸಿದ ಅವರದೇ ಬಾಟಲಿಗಳು. ಮಂಚ, ಐದು ಪಾತ್ರೆ, ಒಂದು ಒಲೆ ಸಪ್ಪಳ ಮಾಡಿದವು. ಕಪಾಟು, ಟೇಬಲ್ ಫ್ಯಾನು, ತಳ್ಳುಗಾಡಿ ಮಾಡಲಿಲ್ಲ. ಕೊನೆಗೆ ವಸ್ತು ಸಂಖ್ಯೆ ನಲವತ್ತೊಂದು, ಸೋಡಾ ಯಂತ್ರ. ನಾಲ್ಕು ಬಾಟಲಿ ಹಿಡಿಯುವ ಹಿತ್ತಾಳೆಯ ಪೆಟ್ಟಿಗೆ, ಎರಡು ಕಬ್ಬಿಣದ ಕಾಲುಗಳ ನಡುವೆ. ಒಂದು ಬದಿಗೆ ಗ್ಯಾಸ್ ಸಿಲಿಂಡರಿನ ಕೊಳವೆ, ಇನ್ನೊಂದು ಬದಿಗೆ ಹಲ್ಲುಚಕ್ರ ಮತ್ತು ತಿರುವುವ ಹಿಡಿಕೆ. ಪೆಟ್ಟಿಗೆ ಸುತ್ತಿದಂತೆ ನೀರಿನಲ್ಲಿ ಗ್ಯಾಸು ಬೆರೆಯುತ್ತದೆ. ಊರಿನಲ್ಲಿ ಇಂಥದ್ದು ಇದೊಂದೇ.

ಯಂತ್ರಗಳನ್ನು ಕೆಲಸದ ಸ್ಥಿತಿಯಲ್ಲಿ ಪರೀಕ್ಷಿಸಬೇಕೆಂದು ಕೈಪಿಡಿ ಹೇಳುತ್ತದೆ. ಹಾಗಾಗಿ ಹತ್ತಿರದ ಪೆಟ್ಟಿಗೆಯಿಂದ ನಾಲ್ಕು ಖಾಲಿ ಬಾಟಲಿ ತೆಗೆದು ಯಂತ್ರದಲ್ಲಿಟ್ಟೆ. ಹತ್ತು ಸುತ್ತು ತಿರುವಿದೆ. ಹತ್ತು ಸಲವೂ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. "ಸಪ್ಪಳ ಉಂಟು" ಎಂದು ಬರೆದೆ. ಇಷ್ಟು ವರ್ಷಗಳಲ್ಲಿ ಒಂದು ಉಪಕರಣಕ್ಕೆ ಹಾಗೆ ಬರೆದದ್ದು ಇದೇ ಮೊದಲು. ಅಕ್ಷರ ಸೊಟ್ಟಗಿದೆ, ಈಗಲೂ ನೋಡಬಹುದು.

ಗೆರೆಯ ಆಚೆಯಿಂದ ನೀಲಗಂಗವ್ವ, "ಅಂದ್ರ ಮಷಿನ್ ಉಳೀತೇನ್ರಿ?" ಎಂದು ಕೇಳಿದರು.

"ನ್ಯಾಯಾಲಯ ಒಪ್ಪಿದರೆ."

"ಅದು ಉಳದ್ರ ಸಾಕು ನೋಡ್ರಿ. ಕಪಾಟಿನ್ಯಾಗ ಇಡಾಕೂ ಏನಿಲ್ಲ, ಅದು ಹೋಗ್ಲಿ. ಫ್ಯಾನಂತೂ ಮೊದಲಿಂದನೂ ಸುಮ್ಮನ ನಿಂತಿರ್ತಿತ್ತು. ಮಷಿನ್ ಇದ್ರ ನಾಳೆ ಬಾಟಲಿ ಕಡಾ ತಂದಾದ್ರೂ ತುಂಬತೀನಿ. ಅದಿಲ್ಲ ಅಂದ್ರ ಈ ವಯಸ್ಸಿನ್ಯಾಗ ಯಾರ ಮನಿ ಮುಸುರಿ ತಿಕ್ಕಲಿ?"

ಯಂತ್ರಕ್ಕೆ ಸೀಲ್ ಹಾಕಿದೆವು. ಆದೇಶ ಬರುವವರೆಗೆ ಯಾವುದೇ ವಸ್ತುವಿಗೆ ಹಾಗೆ ಮಾಡುವುದು ಪದ್ಧತಿ.

ಇಪ್ಪತ್ತನಾಲ್ಕರಂದು ವಿಚಾರಣೆ. ನೀಲಗಂಗವ್ವ ಅವರ ಪರ ಶಮಶಾದ್ ಬಾಗವಾನ ವಕೀಲರು. ಮೂವತ್ತರ ಆಸುಪಾಸಿನವರು, ಒಂದು ದಪ್ಪ ಕಾನೂನು ಪುಸ್ತಕವನ್ನು ಯಾವಾಗಲೂ ಒಂದೇ ಪುಟದಲ್ಲಿ ಬೆರಳಿಟ್ಟು ಹಿಡಿದಿರುತ್ತಾರೆ. ಸಹಕಾರಿ ಸಂಘದ ಪರ ಇನಾಮದಾರ ವಕೀಲರು. ನಲವತ್ತು ವರ್ಷ ಈ ನ್ಯಾಯಾಲಯದಲ್ಲಿಯೇ ಕಳೆದವರು. ನನ್ನನ್ನು ಸಾಕ್ಷಿ ಕಟಕಟೆಗೆ ಕರೆದಾಗ ಇನಾಮದಾರರು ಕನ್ನಡಕ ಒರೆಸಿಕೊಳ್ಳುತ್ತ ಎದ್ದರು.

"ಪ್ರಮೋದಿನಿ ಬಾಯಾರು ಭಾಳ ಶಿಸ್ತಿನವರು ಅಂತ ಕೇಳೀನಿ. ಯಂತ್ರ ತಿರುವೂ ಮುಂದ ಅದರಾಗ ಬಾಟಲಿ ಇದ್ದೂ ಏನ್ರಿ?"

"ಇದ್ದವು. ನಾಲ್ಕು. ಖಾಲಿ."

"ಖಾಲಿ ಬಾಟಲಿ ಅಂದ್ರ, ಒಳಗ ಗೋಲಿ ಇರ್ತದಲ್ಲ?"

"ಇರುತ್ತದೆ."

"ಯಂತ್ರ ತಿರುಗಿದ್ರ ಗೋಲಿನೂ ಉರುಳತದ. ಹೌದಲ್ಲೋ?"

ಆ ಕ್ಷಣದಲ್ಲಿಯೇ ನನಗೆ ತಿಳಿಯಿತು. ಅವರು ಮುಂದಿನ ಪ್ರಶ್ನೆ ಕೇಳುವ ಮೊದಲೇ ರಿಜಿಸ್ಟರಿನಲ್ಲಿ ಬಾಟಲಿಗಳ ಪ್ರತ್ಯೇಕ ಪಟ್ಟಿ ತೆರೆದು ಆ ನಾಲ್ಕರ ಸಂಖ್ಯೆ ಹುಡುಕಿದೆ: ಇನ್ನೂರ ನಲವತ್ತಾರು, ನಲವತ್ತೇಳು, ನಲವತ್ತೆಂಟು, ನಲವತ್ತೊಂಬತ್ತು. ನಾಲ್ಕೂ ಪಾನ್ ಅಂಗಡಿಯವನವು. ನಾಲ್ಕೂ ಸಪ್ಪಳ ಮಾಡುವ ಬಾಟಲಿಗಳು.

"ಆ ಬಾಟಲಿ ಯಾರವು?" ಎಂದರು ಇನಾಮದಾರರು.

"ಬೇರೆಯವರವು. ನಾನು ಕೇಳಿದ ಸಪ್ಪಳ ಬಾಟಲಿಗಳದ್ದಾಗಿರಬಹುದು. ಯಂತ್ರದ್ದು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ತಪ್ಪು ನನ್ನದು."

ನೀಲಗಂಗವ್ವ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಕಡೆ ನಾನು ನೋಡಲಿಲ್ಲ.

ಬಾಗವಾನ ವಕೀಲರು ಎದ್ದರು. "ಮಹಾಸ್ವಾಮಿ, ಸಪ್ಪಳದ ಮಾತು ಬದಿಗಿಡೋಣ. ಕುಶಲಕರ್ಮಿಯ ಉಪಕರಣವನ್ನು ಮಾರುವಂತಿಲ್ಲ ಅಂತ ಇಲ್ಲಿ ಅಚ್ಚಾಗಿದೆ. ನನ್ನ ಕಕ್ಷಿದಾರರು ಇಪ್ಪತ್ತೊಂಬತ್ತು ವರ್ಷ ಸ್ವಂತ ಕೈಯಿಂದ ಆ ಯಂತ್ರ ತಿರುವಿದವರು. ಇವರು ಕುಶಲಕರ್ಮಿ ಅಲ್ಲ ಅಂದರೆ ಮತ್ಯಾರು?"

"ಅಚ್ಚಾಗೇದ, ಯಾರ ಇಲ್ಲ ಅಂದ್ರು?" ಎಂದರು ಇನಾಮದಾರರು. "ಹನ್ನೊಂದು ವರ್ಷದಾಗ ಒಂದ, ಒಂದ ಉಪಕರಣ ಸಪ್ಪಳ ಮಾಡಿದ್ದು ತೋರಸ್ರಿ ತಂಗಿ. ನಾ ಈಗ ಕೂತ ಬಿಡ್ತೀನಿ."

ಬಾಗವಾನರ ಬೆರಳು ಪುಟದಲ್ಲೇ ಇತ್ತು. ನ್ಯಾಯಾಧೀಶರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಕಾನೂನು ಒಪ್ಪುತ್ತದೆ, ಬಾಗವಾನರೇ. ವಸ್ತುವೂ ಒಪ್ಪಬೇಕಲ್ಲ," ಎಂದು, ಬಾಟಲಿ ಇಲ್ಲದೆ ಮರುಪರೀಕ್ಷೆ ಮಾಡುವಂತೆಯೂ, ಸಪ್ಪಳವಿಲ್ಲದಿದ್ದರೆ ಏಪ್ರಿಲ್ ಹತ್ತಕ್ಕೆ ಹರಾಜು ಇಡುವಂತೆಯೂ ಆದೇಶ ಬರೆಸಿದರು.

ಇಪ್ಪತ್ತೇಳರಂದು ಬಾಟಲಿಗಳನ್ನು ಕೋಣೆಯಿಂದಲೇ ಹೊರಗಿಡಿಸಿದೆ. ಗ್ಯಾಸಿನ ಕೊಳವೆ ಬಿಚ್ಚಿದೆ. ಯಂತ್ರದ ಕಾಲುಗಳ ಕೆಳಗೆ ಕಂಬಳಿ ಹಾಸಿದೆ. ಇಪ್ಪತ್ತು ಸುತ್ತು ತಿರುವಿದೆ. ಪೆಟ್ಟಿಗೆ ತಿರುಗಿತು, ಒಂದು ಸಲವೂ ಸಪ್ಪಳವಾಗಲಿಲ್ಲ. "ಸಪ್ಪಳ ಇಲ್ಲ" ಎಂದು ನೇರ ಅಕ್ಷರಗಳಲ್ಲಿ ಬರೆದೆ.

ನೀಲಗಂಗವ್ವ ಗೆರೆಯ ಆಚೆ ನಿಂತು ನೋಡುತ್ತಿದ್ದರು. "ಬಾಯಾರ, ಒಂದ ಮಾತು. ಆ ಮಂಗಳವಾರ ಎಲ್ಲಾ ಸುಮ್ಮನಾದವು, ಖರೆ. ಬಾಗಲಾ ಸುಮ್ಮನಾತು, ಗಾಡಿ ಸುಮ್ಮನಾತು. ಇದು ಮಾತ್ರ ನೀವು ಬಂದು ಸೀಲ್ ಹಾಕೂ ಮುಂಜಾನಿಮಟ ಕಿರುಗುಡತಿತ್ತು. ಏಳು ದಿನ. ಈ ಮನ್ಯಾಗ ಮಾತಾಡೂದು ಅದೊಂದ ಉಳದೈತಿ ಅಂತ ನಾ ಸುಮ್ಮ ಸುಮ್ಮನ ತಿರುವತಿದ್ದೆ. ಈಗ ಯಾಕ ಸುಮ್ಮನಾತು?"

"ದಿವಾಳಿಯಾದವರ ಹೇಳಿಕೆಯನ್ನು ಬರೆದುಕೊಳ್ಳಲು ನಮಗೆ ಅವಕಾಶವಿಲ್ಲ, ನೀಲಗಂಗವ್ವಾರ. ಎಲ್ಲರೂ ಹೀಗೆಯೇ ಹೇಳುತ್ತಾರೆ."

"ಎಲ್ಲಾರೂ ಅಂತಾರೇನು?"

"ಹೌದು. ಉಪಕರಣ ಇದ್ದವರೆಲ್ಲರೂ."

"ಎಲ್ಲಾರೂ ಸುಳ್ಳ ಅಂತಾರ?" ಎಂದು ಕೇಳಿ ಅವರು ನನ್ನನ್ನು ನೋಡಿದರು. ಸಿದ್ರಾಮಪ್ಪ ಬಾಗಿಲ ಕಡೆ ತಿರುಗಿ ನಿಂತಿದ್ದ. ಎರಡು ವರ್ಷದ ಹಿಂದೆ ಅವನೂ ಇದೇ ಮಾತು ಹೇಳಿದ್ದ, ನಾನು ಬರೆದುಕೊಂಡಿರಲಿಲ್ಲ. ಒಂದೇ ಬಗೆಯ ಹೇಳಿಕೆ ಬೇರೆ ಬೇರೆ ಜನರಿಂದ ಮತ್ತೆ ಮತ್ತೆ ಬಂದರೆ ಪ್ರಯೋಗಶಾಲೆಯಲ್ಲಿ ಅದನ್ನು ಮಾಹಿತಿ ಎನ್ನುತ್ತಾರೆ. ಆ ದಿನ ನನಗೆ ಇದು ಹೊಳೆಯಲಿಲ್ಲ. ಇದನ್ನೂ ತಪ್ಪುಗಳ ಪಟ್ಟಿಯಲ್ಲಿ ಸೇರಿಸಬೇಕು.

ಏಪ್ರಿಲ್ ಮೂರರಂದು, ಹರಾಜಿಗೆ ಮೊದಲು ವಸ್ತುಗಳನ್ನು ಕೊಳ್ಳುವವರಿಗೆ ತೋರಿಸುವ ದಿನ. ಯಂತ್ರಕ್ಕೆ ಬಂದವನು ಒಬ್ಬನೇ, ನೆರೆಯ ಊರಿನ ಹಿತ್ತಾಳೆ ವ್ಯಾಪಾರಿ. ಅವನಿಗೆ ಬೇಕಾದದ್ದು ಯಂತ್ರವಲ್ಲ, ಅದರ ಪೆಟ್ಟಿಗೆಯ ಹಿತ್ತಾಳೆ, ಕರಗಿಸಲು. ಸಂಘದ ಪರವಾಗಿ ಇನಾಮದಾರರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಬಾಗವಾನರೂ ಇದ್ದರು. ನೀಲಗಂಗವ್ವ ಗೆರೆಯ ಆಚೆ, ಗೋಡೆಗೆ ಒರಗಿ ನಿಂತಿದ್ದರು.

"ಒಂದ್ಸಲ ತಿರುವಿ ತೋರಸ್ರಿ," ಎಂದ ವ್ಯಾಪಾರಿ. "ಒಳಗ ಬಿರುಕು ಗಿರುಕು ಐತೇನು ನೋಡೂಣು."

ನಾನು ಸೀಲ್ ಒಡೆದು ಹಿಡಿಕೆ ಹಿಡಿದೆ. ಒಂದು ವಾರ ನಿಂತಿದ್ದ ಯಂತ್ರ ಮುಕ್ಕಾಲು ಸುತ್ತಿಗೆ ಬಂದು ಸಿಕ್ಕಿಕೊಂಡಿತು. ಹಿಂದಕ್ಕೆ ತಂದು ಜೋರಾಗಿ ಎಳೆದೆ.

"ಹಂಗಲ್ಲ! ಹಂಗಲ್ಲ ಯವ್ವಾ, ಹಲ್ಲು ಮುರೀತೈತಿ!"

ಗೆರೆಯ ಮೇಲೆ ಕಾಲಿಟ್ಟು, ಅದನ್ನು ಅಳಿಸಿಕೊಂಡೇ ನೀಲಗಂಗವ್ವ ಬಂದರು. ನನ್ನ ಕೈಯನ್ನು ಹಿಡಿಕೆಯಿಂದ ಬಿಡಿಸಿದರು. "ಹಿಂದಕ್ಕ ಎಳದ್ರ ಅದು ಸಿಟ್ಟಾಗತೈತಿ. ಸ್ವಲ್ಪ ಮ್ಯಾಲೆತ್ತಿ, ಹಿಂಗ, ಮೆಲ್ಲಕ—" ಎಂದು ತಿರುವಿದರು.

ಕಿರ್ರ್, ಟಕ್. ಕಿರ್ರ್, ಟಕ್.

ಹಿತ್ತಾಳೆ ವ್ಯಾಪಾರಿ ಬೀಡಿಯನ್ನು ಬಾಯಿಂದ ತೆಗೆದ. ನೀಲಗಂಗವ್ವ ಹಿಡಿಕೆಯನ್ನು ಬಿಡದೆ ಹಾಗೆಯೇ ನಿಂತರು. ಮೊದಲು ಮಾತಾಡಿದವರು ಇನಾಮದಾರರು.

"ಕೈ ನೋಡ್ರಿ ಅವರದು! ಕೈಯಾಗ ಏನೋ ಅದ!"

ನೀಲಗಂಗವ್ವ ಎರಡೂ ಅಂಗೈಯನ್ನು ಅವರ ಮುಖದ ಹತ್ತಿರ ಒಯ್ದು ತೋರಿಸಿದರು. "ನೋಡ್ರಿ ವಕೀಲ ಸಾಹೇಬ್ರ. ಹಿಡಿಕಿ ತಿರುವಿ ತಿರುವಿ ಆದ ಆಣಿ ಅದಾವ. ಬೇಕಾದ್ರ ಅವನ್ನೂ ಹರಾಜ್ ಹಾಕ್ರಿ."

ನಾನು ನಿಯಮ ಒಂಬತ್ತನ್ನು ನೆನಪಿಸಬೇಕಿತ್ತು. ಅದರ ಬದಲು ರಿಜಿಸ್ಟರಿನ ಹೊಸ ಪುಟ ತೆರೆದು ಎರಡು ಗೆರೆ ಎಳೆದೆ. ನೀಲಗಂಗವ್ವ ಅವರಿಗೆ ಸಾಬೂನಿನಿಂದ ಕೈ ತೊಳೆಯಲು ಹೇಳಿದೆ. ಬಳೆಗಳನ್ನು ತೆಗೆದಿಡಿಸಿದೆ. ತೋಳು ಪೂರ್ತಿ ಕಾಣುವಂತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ನಾಲಿಗೆಯಿಂದ ಸಪ್ಪಳ ಮಾಡದಂತೆ ಬಾಯಿ ತುಂಬ ನೀರು ಹಿಡಿದುಕೊಳ್ಳಲು ಹೇಳಿದೆ. ಅವರು ನೀರು ತುಂಬಿಕೊಂಡು, ಉಬ್ಬಿದ ಕೆನ್ನೆಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದರು. ಸಿದ್ರಾಮಪ್ಪ ನಗು ತಡೆಯಲಾರದೆ ಹೊರಗೆ ಹೋದ.

ಒಂದು ಸುತ್ತು ನಾನು, ಒಂದು ಸುತ್ತು ಅವರು. ಹೀಗೆ ಇಪ್ಪತ್ತು ಜೋಡಿ. ನನ್ನ ಇಪ್ಪತ್ತರಲ್ಲಿ ಒಂದಕ್ಕೂ ಸಪ್ಪಳವಿಲ್ಲ. ಅವರ ಇಪ್ಪತ್ತಕ್ಕೂ ಇಪ್ಪತ್ತು. ಬಳಿಕ ಬಾಗವಾನರು ತಿರುವಿದರು: ಇಲ್ಲ. ವ್ಯಾಪಾರಿ ತಿರುವಿದ: ಇಲ್ಲ. "ಇದೇನ್ರೀ, ನನ್ನ ಜೋಡಿ ಮಾತ ಬಿಟ್ಟೈತಿ," ಎಂದು ಅವನು ಬೀಡಿ ಮತ್ತೆ ಹಚ್ಚಿದ. ಕೊನೆಗೆ ಇನಾಮದಾರರೇ ಕೋಟಿನ ತೋಳು ಮಡಚಿ ಬಂದರು. ಐದು ಸುತ್ತು, ಸಾಕಷ್ಟು ಜೋರಾಗಿಯೇ. ಇಲ್ಲ. ಅವರು ಹಿಡಿಕೆಯನ್ನು ನಿಧಾನವಾಗಿ ಬಿಟ್ಟು, ಕುರ್ಚಿಯವರೆಗೆ ಹೋಗಿ ಕುಳಿತರು. ಬಾಗವಾನರು ಏನೋ ಹೇಳಲು ಬಾಯಿ ತೆರೆದರು.

"ಹೇಳಬ್ಯಾಡ್ರಿ ತಂಗಿ," ಎಂದರು ಇನಾಮದಾರರು. "ಕೂತೀನಿ."

ನೀಲಗಂಗವ್ವ ಮೋರಿಗೆ ಹೋಗಿ ನೀರು ಉಗುಳಿ ಬಂದರು. "ಪಾತ್ರಿ ನೀವು ಬಡದ್ರೂ ಪಾತ್ರೀನ, ನಾ ಬಡದ್ರೂ ಪಾತ್ರೀನ. ಇದನ್ನ ನೀವು ತಿರುವಿದ್ರ ಸೋಡಾ ಬರ್ತೈತೇನ್ರಿ ಬಾಯಾರ? ಬರಂಗಿಲ್ಲ. ಎಂಟ ದಿನ ಕಲೀಬೇಕು. ಅಲ್ಲೀಮಟ ಇದು ನಿಮಗ ಹಿತ್ತಾಳಿ ಡಬ್ಬಿ."

ಒಂದು ವಸ್ತುವಿನ ಮೇಲಿನ ಒಂದು ಪರೀಕ್ಷೆಯಿಂದ ಸಾಮಾನ್ಯ ನಿಯಮ ಹೇಳುವಂತಿಲ್ಲ. ಎರಡನೆಯ ವಸ್ತು ಬೇಕಿತ್ತು. ಮಧ್ಯಾಹ್ನ ಎರಡೂ ಹತ್ತಕ್ಕೆ ಕಚೇರಿಗೆ ಹಿಂದಿರುಗಿ ಸಿದ್ರಾಮಪ್ಪನಿಗೆ ಉಗ್ರಾಣದ ಬೀಗ ತೆಗೆಯಲು ಹೇಳಿದೆ. ಅವನ ಪ್ರಕರಣದಲ್ಲಿ ಇನ್ನೂ ಸಾಲದಿಂದ ಬಿಡುಗಡೆಯ ಆದೇಶ ಆಗಿಲ್ಲ. ಹಾಗಾಗಿ ಸಾಣೆಗಾಲಿ ಇನ್ನೂ ಮೌನವಾಗಿಯೇ ಇರಬೇಕು. ನಾನು ಪೆಡಲ್ ತುಳಿದೆ. ಚಕ್ರ ತಿರುಗಿತು, ಸಪ್ಪಳವಿಲ್ಲ.

"ಈಗ ನೀನು," ಎಂದೆ.

"ಬ್ಯಾಡ್ರಿ ಬಾಯಾರ."

"ಏಕೆ?"

"ಸಪ್ಪಳ ಮಾಡಿದ್ರೂ ಸಂಕಟ. ಮಾಡಲಿಲ್ಲ ಅಂದ್ರೂ ಸಂಕಟ. ಈಗ ಹೆಂಗೋ ಬೀಗ ಹಾಕ್ಕೊಂಡು ಆರಾಮಿದೀನಿ."

ನಾನು ಒತ್ತಾಯಿಸಲಿಲ್ಲ, ಕಾದೆ. ನಾಲ್ಕು ನಿಮಿಷ ಅವನು ಬೀಗದ ಕೈಗಳ ಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತಿದ್ದ. ಆಮೇಲೆ ಗೊಂಚಲನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟು ತುಳಿದ. ಸಾಣೆಗಲ್ಲು ಸುತ್ತತೊಡಗಿ ಝುಂಯ್ ಎಂದಿತು. ಜೇಬಿನಿಂದ ತನ್ನ ಅಡಿಕೆ ಕತ್ತರಿಸುವ ಚಾಕು ತೆಗೆದು ಕಲ್ಲಿಗೆ ಹಿಡಿದ. ಕಿಡಿ ಹಾರಿ, ಸಪ್ಪಳ ಅಂಗಳದಾಚೆಗೂ ಹೋಯಿತು. ಟೈಪಿಂಗ್ ಕೋಣೆಯಿಂದ ಇಬ್ಬರು ಹೊರಗೆ ಬಂದರು. ಅವನು ಚಾಕಿನ ಎರಡೂ ಬದಿಯನ್ನು ಪೂರ್ತಿ ಮುಗಿಸುವವರೆಗೆ ನಿಲ್ಲಿಸಲಿಲ್ಲ.

ಮೂರೂವರೆಗೆ ರಿಸೀವರ್ ಬೆಣ್ಣೂರ ಸಾಹೇಬರು ನನ್ನನ್ನು ಒಳಗೆ ಕರೆದರು. ಅವರು ನಿವೃತ್ತಿಗೆ ಹದಿನಾಲ್ಕು ತಿಂಗಳಿರುವವರು, ಯಾರ ಮೇಲೂ ದನಿ ಎತ್ತಿದವರಲ್ಲ. ನಿಯಮ ಒಂಬತ್ತನ್ನು ಬರೆದವರು ಅವರೇ.

"ಕೂಡ್ರಿ. ನೀವು ಹಾಕಿದ ಲೆಕ್ಕ ಸರಿ ಅದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಬರ್ಯೂದು ಹೆಂಗ, ಅದನ್ನ ವಿಚಾರ ಮಾಡೂಣು. ಈ ಯಂತ್ರದ್ದು ಒಂದು ವಿಶೇಷ ಅಂತ ಬರೀಬಹುದಲ್ಲ? ಹಲ್ಲು ಸವದದ, ತಿರುವೂ ರೀತಿಯಿಂದ ಸಪ್ಪಳ ಬರ್ತದ, ಹಂಗೇನರ? ಆ ಬಾಯಿಗೂ ಯಂತ್ರ ಉಳೀತದ, ನಮಗೂ—"

"ಸಾಣೆಗಾಲಿಗೆ ಹಲ್ಲುಗಳಿಲ್ಲ, ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ವರ್ಷದ್ದು ಎಷ್ಟಾಗ್ತದ?"

ಸಾಣೆಗಾಲಿಯ ಪರೀಕ್ಷೆ ಮುಗಿದ ಕೂಡಲೇ ನಾನು ಎಣಿಸಿದ್ದೆ. "ಇನ್ನೂರ ಹದಿನಾಲ್ಕು ಉಪಕರಣ. ನನ್ನ ಸಹಿ ಇರುವವು ಹತ್ತೊಂಬತ್ತು. ಹೊಲಿಗೆ ಯಂತ್ರ, ಉಳಿ, ಗರಗಸ, ಕತ್ತರಿ, ತಿದಿ. ಮಾರಾಟವಾಗದೆ ಉಳಿದಿರುವವು ಏಳು."

"ಅವರೆಲ್ಲಾ ಅರ್ಜಿ ಹಾಕಿದ್ರ?"

"ಹಾಕಬಹುದು, ಸರ್."

"ಗೆಜ್ಜಿ ಹಿಡಕೊಂಡು ಬಂದಾಂವ ಒಬ್ಬನ," ಎಂದರು ಬೆಣ್ಣೂರ ಸಾಹೇಬರು, ಕಿಟಕಿಯ ಕಡೆ ನೋಡುತ್ತ. "ಒಬ್ಬನ ಸಲುವಾಗಿ ಬರದದ್ದು. ಆಗ ಅದು ಸರಿ ಅನಿಸಿತ್ತು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಾ ನಿಮಗ ಬರೀಬ್ಯಾಡ ಅಂದ್ರ?"

"ನೀವು ಲಿಖಿತವಾಗಿ ಹೇಳಿದರೆ ಅದನ್ನೂ ರಿಜಿಸ್ಟರಿಗೆ ಅಂಟಿಸುತ್ತೇನೆ, ಸರ್. ಎಂಟನೆಯದಾದ ಷರಾ ಕಾಲಮ್ಮು ಅದಕ್ಕಾಗಿಯೇ ಇದೆ."

ಅವರು ನಕ್ಕರು, ಆದರೆ ಸಂತೋಷದಿಂದಲ್ಲ. "ಭಾಳ ಶಿಸ್ತಿನವರು ಅಂತ ಇನಾಮದಾರ ಅಂದಿದ್ದು ಖರೇನ ಅದ," ಎಂದು ತಮ್ಮ ಪೆನ್ನನ್ನು ನನ್ನ ಕಡೆ ಸರಿಸಿದರು. "ಬರೀರಿ. ಕೆಳಗ ನನ್ನ ಸಹಿಗೂ ಜಾಗಾ ಬಿಡ್ರಿ."

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಇಬ್ಬರ ಸಹಿಯೊಂದಿಗೆ ರಿಜಿಸ್ಟರಿನಲ್ಲಿ ದಾಖಲಾದದ್ದು ಹೀಗಿದೆ.

ವಸ್ತು ಸಂಖ್ಯೆ ನಲವತ್ತೊಂದು, ಸೋಡಾ ಯಂತ್ರ: ಪರೀಕ್ಷಕಿಯ ಕೈಯಲ್ಲಿ ಇಪ್ಪತ್ತಕ್ಕೆ ಸೊನ್ನೆ, ನೀಲಗಂಗವ್ವ ಅವರ ಕೈಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಸಪ್ಪಳ ಉಂಟು. ಮಾರುವಂತಿಲ್ಲ. ಉಪಕರಣವು ಅದನ್ನು ಬಳಸಿ ದುಡಿಯುವವರ ಕೈಯಲ್ಲಿ ಮಾತ್ರ ಸಪ್ಪಳ ಮಾಡುತ್ತದೆ. ಈ ಕಚೇರಿ ಹನ್ನೊಂದು ವರ್ಷಗಳಿಂದ ಅವರನ್ನು ಹತ್ತು ಮೊಳ ದೂರ ನಿಲ್ಲಿಸಿ ಪರೀಕ್ಷಿಸುತ್ತಿತ್ತು.